ಒಂದೇ ಜಾತಿಯ ಚಿಪ್ಪಿಗೆ ಮೂರು ಹೆಸರು ಕೊಟ್ಟಿದ್ದೆ

ನಾನು ಚಿತ್ರದುರ್ಗದವನು. ನಮ್ಮ ಕಡೆಯ ಕಲ್ಲು 250 ಕೋಟಿ ವರ್ಷಕ್ಕಿಂತ ಹಳೆಯದು. ಚಿಪ್ಪು ಕಟ್ಟುವ ಪ್ರಾಣಿಗಳು ಆಗಿನ್ನೂ ಹುಟ್ಟಿರಲೇ ಇಲ್ಲ. ಹಾಗಾಗಿ ಎಂಎಸ್ಸಿ ಕೆಲಸಕ್ಕೆ ಕಚ್ಛ್‌ಗೆ ಹೋದಾಗ, ರಣ್ ಅಂಚಿನಲ್ಲಿ ಕಲ್ಲಿನ ಪದರಗಳು ಗುಮ್ಮಟದಂತೆ ಉಬ್ಬಿರುವ ಜುಮಾರಾ ಡೋಮ್‌ನಲ್ಲಿ ಕಾಲಿಟ್ಟಲ್ಲೆಲ್ಲ ಕಲ್ಲಾದ ಚಿಪ್ಪು ಕಂಡು ಸುಮ್ನೆ ನಿಂತುಬಿಟ್ಟೆ. ಸುಮಾರು 16 ಕೋಟಿ ವರ್ಷದ ಹಿಂದಿನ ಸಮುದ್ರ ಅದು.

ಮೊದಲ ದಿನ ಇಳಿಜಾರಿನಲ್ಲಿ ಬಿದ್ದಿದ್ದನ್ನೆಲ್ಲ ಬಾಚಿ ಚೀಲಕ್ಕೆ ತುಂಬಿದೆ. ಅದು ತಪ್ಪು. ಮಳೆನೀರಿಗೆ ಮೇಲಿನ ಪದರದ್ದೂ ಕೆಳಗಿನದ್ದೂ ಕಲೆತುಹೋಗಿರುತ್ತದೆ. ಮರುದಿನದಿಂದ ಪದರದಲ್ಲೇ ಕೂತಿರುವ ಚಿಪ್ಪನ್ನು ಮಾತ್ರ ತೆಗೆದೆ. ಪದರಕ್ಕೊಂದು ಚೀಲ, ಚೀಲಕ್ಕೊಂದು ನಂಬರ್.

ಮಂಗಳೂರು ಕಡೆಯ ಮರುವಾಯಿ ನೋಡಿದ್ದೀರಲ್ವಾ? ಅದರ ಎರಡು ಹೋಳು ಕನ್ನಡಿಯಲ್ಲಿ ನೋಡಿದಂತೆ ಒಂದರಂತೆ ಒಂದು. ನಾನು ಹೆಕ್ಕಿದ್ದು ಬ್ರಾಕಿಯೋಪಾಡ್ ಎಂಬ ಬೇರೆಯೇ ಸಮುದ್ರಜೀವಿಯ ಚಿಪ್ಪು, ಅದು ಹಾಗಲ್ಲ. ಒಂದು ಹೋಳು ದೊಡ್ಡದು, ಅದಕ್ಕೆ ಕೊಕ್ಕು ಇರುತ್ತದೆ. ಆದರೆ ಪ್ರತಿ ಹೋಳಿನ ಎಡ, ಬಲ ಸಮ. ನನ್ನ ಚೀಲದಲ್ಲಿ ಇದ್ದಿದ್ದು ಮುಖ್ಯವಾಗಿ ಎರಡು ಗುಂಪು. ನುಣುಪಾಗಿ, ಕೊಕ್ಕಿನ ತುದಿಯಲ್ಲಿ ದುಂಡನೆಯ ತೂತು ಇರುವವು ಟೆರೆಬ್ರಾಟುಲಿಡ್. ಒದ್ದೆ ಮಾಡಿ ಲೆನ್ಸ್ ಹಿಡಿದರೆ ಚಿಪ್ಪಿನ ತುಂಬ ಸೂಜಿಮೊನೆಯಂಥ ರಂಧ್ರಗಳು. ಚೂಪು ಕೊಕ್ಕು, ಎದ್ದು ಕಾಣುವ ಏಣು, ಅಂಕುಡೊಂಕಾದ ಬಾಯಿ (ಎರಡು ಹೋಳು ತೆರೆಯುವ ಅಂಚು) ಇರುವವು ರಿಂಕೊನೆಲ್ಲಿಡ್. ಅವುಗಳಲ್ಲಿ ಆ ರಂಧ್ರ ಇಲ್ಲ. ಇಷ್ಟು ಒಂದು ಸಂಜೆಯ ಕೆಲಸ.

ಕಷ್ಟ ಶುರುವಾಗಿದ್ದು ಜಾತಿ ಹೇಳುವಾಗ. 1900ರಲ್ಲಿ ಪಳೆಯುಳಿಕೆ ವಿಜ್ಞಾನಿ ಎಫ್. ಎಲ್. ಕಿಚಿನ್ ಕಚ್ಛ್ ಬ್ರಾಕಿಯೋಪಾಡ್‌ಗಳನ್ನು ವರ್ಣಿಸಿ ಚಿತ್ರಪುಟಗಳನ್ನು ಪ್ರಕಟಿಸಿದ್ದರು. ಆಮೇಲೆ ಇನ್ನೊಬ್ಬ ವಿಜ್ಞಾನಿ ಎಸ್. ಎಸ್. ಬಕ್‌ಮನ್ ಇಲ್ಲಿನ ಕೆಲವಕ್ಕೆ ಕಚ್ಛ್ ಹೆಸರಿನಲ್ಲೇ ಕುಚಿಥೈರಿಸ್, ಕುಚಿರಿಂಕಿಯಾ ಎಂಬ ಕುಲ (ಹತ್ತಿರದ ಜಾತಿಗಳ ಗುಂಪು) ಕಟ್ಟಿದರು. ಆ ಚಿತ್ರಗಳ ಪಕ್ಕ ಚಿಪ್ಪಿಟ್ಟು ಹೋಲಿಸುತ್ತಾ ಹೋದೆ. ಒಂದೇ ಪದರದ ರಿಂಕೊನೆಲ್ಲಿಡ್‌ಗಳಲ್ಲಿ ಚಪ್ಪಟೆಯದಕ್ಕೊಂದು ಹೆಸರು, ಉಬ್ಬಿದ್ದಕ್ಕೊಂದು, ಓರೆಯಾಗಿದ್ದಕ್ಕೆ ಇನ್ನೊಂದು ಬರೆದೆ.

ನನ್ನ ಗೈಡ್ ಬಂದು ನೋಡಿ, “ಎಲ್ಲಾ ಅಳೆದು ತಾರಪ್ಪಾ, ಆಮೇಲೆ ಮಾತಾಡೋಣ” ಅಂದರು. 80ಕ್ಕೂ ಹೆಚ್ಚು ಚಿಪ್ಪುಗಳ ಉದ್ದ, ಅಗಲ, ದಪ್ಪವನ್ನು ವರ್ನಿಯರ್ ಕ್ಯಾಲಿಪರ್‌ನಲ್ಲಿ ಅಳೆದು ಗ್ರಾಫ್ ಹಾಳೆಯಲ್ಲಿ ಚುಕ್ಕಿ ಇಟ್ಟೆ. ಬೇರೆ ಬೇರೆ ಗುಂಪು ಕಾಣಲಿಲ್ಲ, ಒಂದೇ ಸಾಲು ಮೇಲಕ್ಕೆ ಹೋಗಿತ್ತು. ಚಪ್ಪಟೆಯವೆಲ್ಲ ಮರಿಗಳು. ಬೆಳೆದಂತೆ ಉಬ್ಬುತ್ತವೆ, ಬಾಯಿಯ ಅಂಚಿನಲ್ಲಿ ಬೆಳವಣಿಗೆಯ ಗೆರೆಗಳು ಒತ್ತೊತ್ತಾಗುತ್ತವೆ. ಓರೆಯಾಗಿದ್ದವು ಮೇಲಿನ ಮಣ್ಣಿನ ಭಾರಕ್ಕೆ ಸೊಟ್ಟಗಾಗಿದ್ದವು. ಮೂರು ಹೆಸರು ಒಂದಾಯಿತು. ಅವತ್ತಿನಿಂದ ಒಂದೇ ಚಿಪ್ಪು ಕೈಯಲ್ಲಿ ಹಿಡಿದು ಯಾರು ಜಾತಿ ಹೇಳಿದರೂ ನನಗೆ ನಂಬಿಕೆ ಬರುವುದಿಲ್ಲ.

ಇದರ ಉಲ್ಟಾನೂ ಆಯಿತು. ಬೇರೆ ಪದರದ ಎರಡು ಚೀಲಗಳ ಚಿಪ್ಪು ಹೊರಗಿನಿಂದ ಅವಳಿಜವಳಿ. ಏಣಿನ ಎಣಿಕೆಯೂ ಒಂದೇ. ಒಳಗೆ ನೋಡದೆ ದಾರಿ ಇರಲಿಲ್ಲ. ಒಳಗೆ ನೋಡುವುದು ಅಂದರೆ ಚಿಪ್ಪನ್ನು ಕೊಕ್ಕಿನ ಕಡೆಯಿಂದ ತೇಯುತ್ತಾ ಹೋಗುವುದು. ತೇಯ್ದ ಚಿಪ್ಪು ಮತ್ತೆ ಸಿಗುವುದಿಲ್ಲ. ಅದಕ್ಕೇ ಮೊದಲು ಫೋಟೋ, ಅಳತೆ, ಪ್ಲಾಸ್ಟರ್ ಅಚ್ಚು ಮೂರೂ ಆಗಲೇಬೇಕು. ಪ್ರತಿ 0.2 ಮಿಲಿಮೀಟರ್ ತೇಯ್ದ ಮೇಲೆ ಮುಖವನ್ನು ನಯ ಮಾಡಿ, ತೆಳು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕೆಲವೇ ಸೆಕೆಂಡ್ ಅದ್ದಿ, ತೊಳೆದು ಒಣಗಿಸಿ, ಅಸಿಟೋನ್ ಹಾಕಿ ಅಸಿಟೇಟ್ ಎಂಬ ತೆಳು ಪ್ಲಾಸ್ಟಿಕ್ ಹಾಳೆ ಅಂಟಿಸುತ್ತಿದ್ದೆ. ಒಣಗಿದ ಮೇಲೆ ಕಿತ್ತರೆ ಆ ಮಟ್ಟದ ಒಳಚಿತ್ರ ಹಾಳೆಗೆ ಬಂದಿರುತ್ತದೆ.

ಮೊದಲನೆಯದನ್ನು ಅವಸರಕ್ಕೆ ಜಾಸ್ತಿ ತೇಯ್ದು ಹಾಳು ಮಾಡಿದೆ. ಎರಡು ಹೋಳು ಕೂಡುವ ಕೀಲಿನ ಭಾಗವೇ ಹೋಗಿಬಿಟ್ಟಿತು. ತುಂಬಾ ನೋವಾಯಿತು. ಎರಡನೆಯದರಲ್ಲಿ ಸಣ್ಣ ಹೋಳಿನೊಳಗೆ ಉದ್ದಕ್ಕೂ ಒಂದು ನಡುಗೋಡೆ ಪ್ರತಿ ಹಾಳೆಯಲ್ಲೂ ಕಂಡಿತು. ಇನ್ನೊಂದು ಚೀಲದ ಚಿಪ್ಪಿನಲ್ಲಿ ಅದೇ ಗೋಡೆ ನಾಲ್ಕೈದು ಹಾಳೆಗೆ ಮುಗಿದುಹೋಗಿತ್ತು. ಇನ್ನೂ ಎರಡೆರಡು ತೇಯ್ದು ನೋಡಿದೆ, ಹಾಗೇ ಬಂತು. ಹೊರಗೆ ಅವಳಿ, ಒಳಗೆ ಬೇರೆ.

ಉದ್ದ ಗೋಡೆಯದಕ್ಕೆ ಕುಲ ಸಿಕ್ಕಿತು. ಗಿಡ್ಡ ಗೋಡೆಯದು ನಾನು ನೋಡಿದ ಯಾವ ವರ್ಣನೆಗೂ ಕೂಡಲಿಲ್ಲ. ಅದರ ಡಬ್ಬಿಯ ಚೀಟಿಯಲ್ಲಿ ‘ರಿಂಕೊನೆಲ್ಲಿಡ್, ಜಾತಿ ಗೊತ್ತಾಗಿಲ್ಲ’ ಎಂದು ಬರೆದು, ಪದರದ ನಂಬರ್ ಹಾಕಿ, ಕಿತ್ತ ಹಾಳೆಗಳನ್ನೂ ಜೊತೆಗೇ ಇಟ್ಟಿದ್ದೇನೆ.