ಬೀಟೆ ಮರಕ್ಕೆ ಹಿತ್ತಾಳೆ ಅಂಚು ಕಟ್ಟಿದ ಕಥೆ

ಮೊದಲ ಸಲ ಅಂಟಿಸಿದ ಹಿತ್ತಾಳೆ ಪಟ್ಟಿ ಐದೇ ವಾರಕ್ಕೆ ಎದ್ದು ಬಂತು. ಗಿಟಾರ್ ಮಾಡಿಸಿಕೊಂಡ ಹುಡುಗ ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಅದನ್ನು ಕಾರಿನೊಳಗೇ ಬಿಟ್ಟು ಊಟಕ್ಕೆ ಹೋಗಿದ್ದಾನೆ. ಸಂಜೆ ಕೇಸ್ ತೆಗೆದರೆ ಹನ್ನೆರಡನೇ ಫ್ರೆಟ್ಟಿನಿಂದ (ಗಿಟಾರ್ ಕುತ್ತಿಗೆಗೆ ಅಡ್ಡಲಾಗಿ ಕೂರಿಸಿದ ಲೋಹದ ಗೆರೆಯೇ ಫ್ರೆಟ್) ಆಚೆಗೆ ಬೈಂಡಿಂಗ್ ಹಪ್ಪಳದ ಅಂಚಿನ ಹಾಗೆ ಸೆಟೆದು ನಿಂತಿತ್ತಂತೆ. ಫೋನ್ ಮಾಡಿ, "ಅಣ್ಣಾ, ನಾನೇನೂ ಮಾಡಿಲ್ಲ" ಅಂದ. ಅವನೇನೂ ಮಾಡಿರಲಿಲ್ಲ, ಕೆಲಸ ಕೆಡಿಸಿದ್ದು ನಾನು.

ಫಿಂಗರ್‌ಬೋರ್ಡಿನ, ಅಂದರೆ ಕುತ್ತಿಗೆಯ ಮೇಲೆ ಬೆರಳು ಒತ್ತುವ ಮರದ ಹಲಗೆಯ, ಎರಡೂ ಬದಿಗೆ ತೆಳು ಅಂಚು ಕಟ್ಟುವುದೇ ಬೈಂಡಿಂಗ್. ಫ್ರೆಟ್ ಕೂರಲು ಕೊಯ್ದ ಸೀಳುಗಳ ಬಾಯಿ ಅದರಿಂದ ಮುಚ್ಚಿಹೋಗುತ್ತದೆ, ಕೈಗೆ ನುಣುಪಾಗಿರುತ್ತದೆ, ನೋಡಲೂ ಚೆಂದ. ಸಾಮಾನ್ಯವಾಗಿ ಪ್ಲಾಸ್ಟಿಕ್ಕಿನದು ಹಾಕುತ್ತಾರೆ, ಇಲ್ಲವೇ ಮರದ್ದು. ಪ್ಲಾಸ್ಟಿಕ್ ಬಾಗುತ್ತದೆ, ಅಂಟಿನ ಜತೆ ಕರಗಿ ಹಿಡಿದುಕೊಳ್ಳುತ್ತದೆ, ತಪ್ಪಿದರೆ ಬ್ಲೇಡಿನಲ್ಲಿ ಕೆರೆದು ಸರಿಮಾಡಬಹುದು. ಹಿತ್ತಾಳೆ ನಮ್ಮ ಮರ್ಜಿ ಕಾಯುವುದಿಲ್ಲ. ಇದೆಲ್ಲ ಗೊತ್ತಿದ್ದೂ, ಎಲ್ಲೋ ಫೋಟೊ ನೋಡಿ ಬಂದ ಹುಡುಗನ ಮಾತಿಗೆ "ಆಗಲಿ, ಮಾಡೋಣ" ಅಂದುಬಿಟ್ಟಿದ್ದೆ. ಸಂತೆಪೇಟೆಯಿಂದ ಒಂದು ಮಿಲಿಮೀಟರ್ ದಪ್ಪದ ಪಟ್ಟಿ ತಂದು, ಬಟ್ಟೆಯಲ್ಲಿ ಒರೆಸಿ, ಕ್ಷಣದಲ್ಲಿ ಹಿಡಿಯುವ ಸೂಪರ್ ಗ್ಲೂ ಹಾಕಿ ಒಂದೇ ಗಂಟೆಯಲ್ಲಿ ಮುಗಿಸಿದ್ದೆ. ಆಮೇಲೆ ಸುತ್ತಿಗೆಯಲ್ಲಿ ಬಡಿದು ಬಡಿದು ಫ್ರೆಟ್ ಕೂರಿಸಿದ್ದೆ. ಆ ಅಂಟಿಗೆ ಎಳೆತ ಆಗುತ್ತದೆ, ಏಟು ಆಗಿಬರುವುದಿಲ್ಲ. ಅದರ ಅರ್ಧ ಜೀವ ಅಂದೇ ಹೋಗಿತ್ತು ಅಂತ ಈಗ ಅನ್ನಿಸುತ್ತದೆ.

ಮೈಸೂರಿನಲ್ಲಿ ನಮ್ಮ ಮುಂದಿನ ಬೀದಿಯಲ್ಲೇ ವೀಣೆ ರಿಪೇರಿ ಮಾಡುವ ಹಿರಿಯರೊಬ್ಬರಿದ್ದಾರೆ. ಬಿಟ್ಟುಬಂದ ಪಟ್ಟಿ ತೋರಿಸಿದೆ. ಅವರು ಕನ್ನಡಕ ಹಣೆಗೇರಿಸಿ, ಪಟ್ಟಿಯ ಒಳಮೈಯನ್ನು ಬೆಳಕಿಗೆ ಹಿಡಿದರು. "ಅಂಟೆಲ್ಲ ಮರದಲ್ಲೇ ಉಳಿದಿದೆ. ಇದರ ಮೇಲೆ ಒಂದು ಚೂರೂ ಇಲ್ಲ ನೋಡು. ಇದು ಹಿತ್ತಾಳೇನ ಹಿಡಿದೇ ಇರಲಿಲ್ಲವಲ್ಲಯ್ಯಾ" ಅಂದರು. ನಿಜವೇ. ಪಟ್ಟಿಯ ಒಳಮೈ ಅಂಗಡಿಯಿಂದ ತಂದ ದಿನದಷ್ಟೇ ಹೊಳೆಯುತ್ತಿತ್ತು. "ನಾವು ವೀಣೆಯ ಇಪ್ಪತ್ನಾಲ್ಕು ಮೆಟ್ಟಿಲನ್ನೂ ಮೇಣದ ಮೇಲೆ ಕೂರಿಸ್ತೀವಿ, ಮರಕ್ಕೆ ಅಂಟಿಸೋಕೆ ಹೋಗಲ್ಲ. ಮೇಣ ಜಾರಿದರೆ ಮತ್ತೆ ಮೇಳ ಕಟ್ಟೋದು, ಅಂದ್ರೆ ಮೆಟ್ಟಿಲನ್ನ ಹೊಸದಾಗಿ ಕೂರಿಸೋದು, ಅಷ್ಟೇ" ಅಂತ ಸೇರಿಸಿದರು. ಗಿಟಾರಿಗೆ ಮೇಣ ಹಾಕಲಾದೀತೇ? ಆದರೂ ಮರಕ್ಕೂ ಲೋಹಕ್ಕೂ ನಡುವೆ ತುಸು ಬಳುಕುವ ಪದರ ಬೇಕು ಅನ್ನುವುದು ತಲೆಯಲ್ಲಿ ಉಳಿಯಿತು.

ಮನೆಗೆ ಬಂದು ಲೆಕ್ಕ ಹಾಕಿದೆ. 22 ಫ್ರೆಟ್ಟಿನ ಬೋರ್ಡಿನ ಬದಿ ಸುಮಾರು 470 ಮಿ.ಮೀ. ಉದ್ದ. ಶಾಖ 30 ಡಿಗ್ರಿ ಏರಿದರೆ ಅಷ್ಟುದ್ದದ ಹಿತ್ತಾಳೆ ಕಾಲು ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚೇ ಬೆಳೆಯುತ್ತದೆ. ಎಳೆಯ ಉದ್ದಕ್ಕೆ ಮರ ಅದರ ಕಾಲುಭಾಗದಷ್ಟೂ ಬೆಳೆಯುವುದಿಲ್ಲ. ಗಾಜಿನಂತೆ ಪೆಡಸಾದ, ಕೂದಲಿಗಿಂತ ತೆಳುವಾದ ಸೂಪರ್ ಗ್ಲೂ ಪದರ ಈ ಎಳೆದಾಟ ತಡೆಯದೆ ತುದಿಯಿಂದ ಬಿರುಕು ಬಿಟ್ಟಿತ್ತು.

22 ಫ್ರೆಟ್ಟನ್ನೂ ಕಿತ್ತೆ. ಇನ್ನೊಂದು ಬದಿಯ ಪಟ್ಟಿ ಬಿಡಿಸಲೆಂದು ಸೋಲ್ಡರಿಂಗ್ ಐರನ್ ಕಾಯಲು ಇಟ್ಟಿದ್ದೆ, ಅದರ ಅಗತ್ಯವೇ ಬೀಳಲಿಲ್ಲ. ಚಾಕುವಿನ ತುದಿ ತಾಗಿಸಿದ ಕೂಡಲೇ ಟಿಕ್ ಅಂತ ಬಂತು. ನಾಚಿಕೆಯಾಯಿತು.

ಎರಡನೇ ಸಲ ಅವಸರ ಮಾಡಲಿಲ್ಲ. ಪಟ್ಟಿ ಸುರುಳಿಯಿಂದ ಬಂದದ್ದು, ತನ್ನ ಹಳೇ ಬಾಗನ್ನು ಮರೆತಿರುವುದಿಲ್ಲ. ಹಾಗೇ ಅಂಟಿಸಿದರೆ ಜೀವಮಾನವಿಡೀ ಎರಡು ತುದಿಗಳೂ ಏಳಲು ನೋಡುತ್ತಿರುತ್ತವೆ. ಅದಕ್ಕೇ ಮೇಜಿನ ಅಂಚಿನ ಮೇಲೆ ಹೆಬ್ಬೆರಳಿನಿಂದ ಇಂಚಿಂಚಾಗಿ ಎದುರು ಬಾಗಿಸುತ್ತ, ಗಾಜಿನ ಮೇಲಿಟ್ಟು ಕೆಳಗೆ ಬೆಳಕು ನುಸುಳದಷ್ಟು ನೇರ ಮಾಡಿಕೊಂಡೆ. ಬೋರ್ಡಿನ ದಪ್ಪ 6 ಮಿ.ಮೀ., ಪಟ್ಟಿಯ ಅಗಲ 7. ಹೆಚ್ಚಿನದನ್ನು ಆಮೇಲೆ ಅರದಲ್ಲಿ ತೆಗೆಯಬಹುದು.

ಈ ಕೆಲಸದಲ್ಲಿ ನನಗೆ ಹೊಳೆದ ಒಂದೇ ಒಳ್ಳೇ ಉಪಾಯ ಮೊಳೆಯದು. ಅಂಟು ಹಾಕುವ ಮೊದಲೇ ಪಟ್ಟಿಯನ್ನು ಜಾಗದಲ್ಲಿಟ್ಟು ಟೇಪು ಸುತ್ತಿ, 3, 5, 7, 9, 12, 15, 17, 19, 21ನೇ ಮನೆಗಳ (ಎರಡು ಫ್ರೆಟ್ಟುಗಳ ನಡುವಿನ ಜಾಗವೇ ಮನೆ) ನಡುಮಧ್ಯಕ್ಕೆ ಸಣ್ಣ ರಂಧ್ರ ಕೊರೆದೆ. ಅಲ್ಲಿ ಫ್ರೆಟ್ಟಿನ ಸೀಳು ಅಡ್ಡ ಬರುವುದಿಲ್ಲ. ಒಂಟಿ ಎಳೆಯ ತಾಮ್ರದ ತಂತಿ ತುಂಡು ಮಾಡಿ ಮೊಳೆ ಮಾಡಿಕೊಂಡೆ. ಈ ಸಲ ಆರಿಸಿಕೊಂಡದ್ದು ಎಪಾಕ್ಸಿ ಅಂಟು. ಅದು ಹಸಿಯಿರುವಾಗ ಪಟ್ಟಿ ಬಾಳೆಹಣ್ಣಿನ ಸಿಪ್ಪೆಯ ಹಾಗೆ ಜಾರುತ್ತದೆ, ಮೊಳೆ ಇದ್ದರೆ ಅದೇ ಜಾಗಕ್ಕೆ ಬಂದು ಕೂರುತ್ತದೆ. ಅಂಟು ಸೋತರೂ ಮೊಳೆ ಹಿಡಿದಿರುತ್ತದೆ. ನುಡಿಸುವವನ ಕಡೆಯ ಅಂಚಿನಲ್ಲಿ ಕೆಂಪು ಚುಕ್ಕೆಯಾಗಿ ಕಾಣುವುದರಿಂದ ಮನೆ ಗುರುತೂ ಆಯಿತು.

ಪಟ್ಟಿಯ ಒಳಮೈಯನ್ನು 120 ನಂಬರಿನ ಎಮರಿ ಪೇಪರಿನಲ್ಲಿ ಅಡ್ಡಡ್ಡ ಗೀರು ಬೀಳುವಂತೆ ತಿಕ್ಕಿ, ಅಸಿಟೋನಿನಲ್ಲಿ ಒರೆಸಿದೆ. ಆಮೇಲೆ ಬರಿಗೈಯಲ್ಲಿ ಮುಟ್ಟಲಿಲ್ಲ. ಬೆರಳಿನ ಜಿಡ್ಡು ಸಾಕು, ಕೆಲಸ ಕೆಡಿಸಲು. ಬೀಟೆ ಮರದಲ್ಲೇ ಎಣ್ಣೆಯಂಶವಿದೆ, ಅದರ ಬದಿಯನ್ನೂ ಒರೆಸಬೇಕು. ಬಿಳಿ ಬಟ್ಟೆ ಕಾಫಿ ಬಣ್ಣಕ್ಕೆ ತಿರುಗುವುದು ನೋಡಿದರೆ ಇಷ್ಟು ದಿನ ಯಾತರ ಮೇಲೆ ಅಂಟು ಹಾಕುತ್ತಿದ್ದೆ ಅಂತ ಗೊತ್ತಾಗುತ್ತದೆ. ಎರಡು ಟ್ಯೂಬಿನ ಎಪಾಕ್ಸಿಯಲ್ಲೂ ಐದು ನಿಮಿಷದ್ದು ಬೇಡ, ರಾತ್ರಿಯಿಡೀ ತೆಗೆದುಕೊಳ್ಳುವುದೇ ಬೇಕು. ಎರಡೂ ಮೈಗೆ ಸವರಿ, ಮೊಳೆ ತಟ್ಟಿ, ಎರಡು ಬದಿಗೆ ನೇರ ಮರದ ಪಟ್ಟಿ ಇಟ್ಟು, ಸೀಳಿದ ಸೈಕಲ್ ಟ್ಯೂಬನ್ನು ಸುತ್ತುತ್ತ ಹೋದೆ. ಮರದ ಪಟ್ಟಿ ಅಂಟಿಕೊಳ್ಳದಿರಲಿ ಅಂತ ಅದಕ್ಕೆ ಮೊದಲೇ ಪ್ಯಾಕಿಂಗ್ ಟೇಪು ಸುತ್ತಿದ್ದೆ. ಕಬ್ಬಿಣದ ಕ್ಲ್ಯಾಂಪಿನಲ್ಲಿ ಬಿಗಿದಿದ್ದರೆ ಅಂಟೆಲ್ಲ ಹಿಂಡಿ ಹೊರಗೆ ಬರುತ್ತಿತ್ತು, ನನಗೆ ಬೇಕಿದ್ದ ಪದರವೇ ಇಲ್ಲವಾಗುತ್ತಿತ್ತು. 24 ಗಂಟೆ ಆ ಕಡೆ ತಲೆ ಹಾಕಲಿಲ್ಲ.

ಬೋರ್ಡಿನ ಕೊನೆಗೆ ಅಡ್ಡ ತುಂಡು ಹಾಕಿ ಮೂಲೆ ಕೂಡಿಸು ಅಂತ ಹುಡುಗ ಕೇಳಿದ. ಒಪ್ಪಲಿಲ್ಲ. ಮಳೆಗಾಲ, ಬೇಸಿಗೆಗೆ ಮರ ಹಿಗ್ಗಿ ಕುಗ್ಗುವುದು ಅಗಲದಲ್ಲಿ, ಅಡ್ಡಕ್ಕೆ ನಿಂತ ಹಿತ್ತಾಳೆಗೆ ಆ ಹಂಗಿಲ್ಲ. ಮೊದಲು ಬಾಯಿ ಬಿಡುವುದು ಆ ಮೂಲೆಯೇ.

ಅರ ಹಿಡಿದ ಮೇಲೆ ಇನ್ನೊಂದು ಪಾಠ. ತಿಕ್ಕಿದಷ್ಟೂ ಹಿತ್ತಾಳೆ ಕಾಯುತ್ತದೆ, ಕಾದರೆ ಎಪಾಕ್ಸಿ ಮೆತ್ತಗಾಗುತ್ತದೆ. ಎಡಗೈ ಬೆರಳನ್ನು ಪಟ್ಟಿಯ ಮೇಲೇ ಇಟ್ಟುಕೊಂಡು, ಬಿಸಿ ಅನ್ನಿಸಿದರೆ ನಿಲ್ಲಿಸುತ್ತಿದ್ದೆ. ಮೆತ್ತನೆ ಸ್ಪಂಜಿಗೆ ಪೇಪರ್ ಸುತ್ತಿ ತಿಕ್ಕಿದರೆ ಮರವಷ್ಟೇ ಸವೆದು ಹಿತ್ತಾಳೆ ದಿಬ್ಬವಾಗಿ ನಿಲ್ಲುತ್ತದೆ, ಗಟ್ಟಿ ಮರದ ತುಂಡೇ ಬೇಕು. ಪ್ಲಾಸ್ಟಿಕ್ ಬೈಂಡಿಂಗ್ ಒಂದೆಳೆ ಎತ್ತರವಿದ್ದರೂ ಫ್ರೆಟ್ ಅದನ್ನು ಒತ್ತಿ ಕೂರುತ್ತದೆ. ಹಿತ್ತಾಳೆ ಒತ್ತಿಸಿಕೊಳ್ಳುವುದಿಲ್ಲ, ಫ್ರೆಟ್ ತಕ್ಕಡಿಯ ಹಾಗೆ ತೂಗಾಡುತ್ತದೆ. ನಾನು ಬೇಕೆಂದೇ ಕೂದಲೆಳೆಯಷ್ಟು ತಗ್ಗಿಸಿದೆ. ಹಾರಿದ ಹಿತ್ತಾಳೆ ಪುಡಿ ಬೀಟೆಯ ರಂಧ್ರಗಳಲ್ಲಿ ಕೂತು ಮಿನುಗುತ್ತಿತ್ತು. ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ಅದನ್ನು ತೆಗೆಯುವುದರಲ್ಲೇ ಒಂದು ಸಂಜೆ ಕಳೆಯಿತು.

44 ತುದಿಗಳಲ್ಲೂ ಫ್ರೆಟ್ಟಿನ ಕೆಳಗಿನ, ಸೀಳಿನೊಳಗೆ ಇಳಿಯುವ ಕಾಲನ್ನು ಒಂದೂವರೆ ಮಿಲಿಮೀಟರ್ ಕತ್ತರಿಸಿ, ಈ ಸಲ ಸುತ್ತಿಗೆ ಮುಟ್ಟದೆ ಕ್ಲ್ಯಾಂಪಿನಲ್ಲಿ ಒತ್ತಿ ಕೂರಿಸಿದೆ. ದುಡ್ಡು ತಗೊಳ್ಳಲಿಲ್ಲ. ಕುತ್ತಿಗೆ ಕಡೆ ಸುಮಾರು 48 ಗ್ರಾಂ ಹೆಚ್ಚಾದದ್ದಕ್ಕೆ, ಕೈ ಬಿಟ್ಟರೆ ಗಿಟಾರ್ ತುಸು ತಲೆ ಬಾಗಿಸುತ್ತದೆ. ಹುಡುಗನಿಗೆ ಅದೇ ಅಭ್ಯಾಸವಾಗಿದೆ.

ಎರಡು ಬೇಸಿಗೆ ಕಳೆದಿವೆ. ಮೊನ್ನೆ ತಂತಿ ಬದಲಿಸಲು ತಂದಾಗ ಎರಡೂ ಅಂಚಿನ ಮೇಲೆ ಉಗುರು ಎಳೆದು ನೋಡಿದೆ. ಏಳನೇ ಫ್ರೆಟ್ಟಿನ ಹತ್ತಿರ ಒಂದು ಕಡೆ ತುಸು ತಡೆಯಿತು. ಅದು ಅಂಟು ಬಿಟ್ಟದ್ದಲ್ಲ, ನನ್ನ ಅರದ ಹಳೇ ತಪ್ಪು. ತಾಮ್ರದ ಚುಕ್ಕೆಗಳು ಮಾತ್ರ ಕಂದಿ, ಹಿತ್ತಾಳೆಯ ಜತೆ ಬೆರೆತು ಗುರುತೇ ಸಿಗುತ್ತಿರಲಿಲ್ಲ.

"ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕು, ಫಳಫಳ ಅನ್ನುತ್ತೆ ಅಂದ್ರು ಅಮ್ಮ. ತಿಕ್ಕಲಾ ಅಣ್ಣಾ?"

"ಬೇಡಪ್ಪಾ, ಅದೇನು ದೇವರ ದೀಪಾನಾ?" ಅಂದವನೇ ಮರದ ಮೇಲೆಲ್ಲ ಟೇಪು ಅಂಟಿಸಿ, ಪಾಲಿಶ್ ಹಚ್ಚಿದ ಬಟ್ಟೆ ಅವನ ಕೈಗೆ ಕೊಟ್ಟು ಕೂರಿಸಿದೆ.