ಎದ್ದು ಹಾರಿದ ಹಲಸಿನ ಎಲೆ

ಮೂಡಿಗೆರೆ ಕಡೆ ನಮ್ಮ ಕಾಫಿ ತೋಟದಲ್ಲಿ ಮನೆಗೆ ಹತ್ತಿರ ಹನ್ನೊಂದು ಕಿತ್ತಳೆ ಮರ ಇವೆ. ಹೋದ ಸಲ ಹಣ್ಣು ಬಣ್ಣ ತಿರುಗಿದ್ದೇ ತಡ, ಉದುರೋಕೆ ಶುರು. ಎತ್ತಿ ನೋಡಿದರೆ ಸೂಜಿ ಚುಚ್ಚಿದಷ್ಟು ತೂತು, ಸುತ್ತ ಕಂದು ಬಣ್ಣಕ್ಕೆ ಮೆತ್ತಗಾದ ಸಿಪ್ಪೆ, ಹಿಂಡಿದರೆ ಹುಳಿ ವಾಸನೆ. "ಬಾವಲಿ ಕೆಲಸ ಕಣೋ" ಅಂದರು ಅಮ್ಮ. ಬಾವಲಿ ಕಚ್ಚಿದರೆ ಹಣ್ಣು ಇಷ್ಟು ನಾಜೂಕಾಗಿ ಉಳಿಯುತ್ತಾ? ನಾನು ಹಣ್ಣುನೊಣ ಅಂದುಕೊಂಡು ಔಷಧಿ ಹೊಡೆದೆ. ದುಡ್ಡೂ ಹೋಯಿತು, ಹಣ್ಣೂ ಹೋಯಿತು.

ಒಂದು ರಾತ್ರಿ ಗಂಬೂಟು ಹಾಕಿ, ಟಾರ್ಚ್ ಹಿಡಿದು ಹೊರಟೆ. ಹಣ್ಣಿನ ಮೇಲೆ ಎರಡು ಕೆಂಡದ ಚುಕ್ಕಿ! ಅಂಗೈ ಅಗಲದ ಪತಂಗ ಸೊಂಡಿಲನ್ನು ಸಿಪ್ಪೆಯೊಳಗೆ ಇಳಿಸಿಕೊಂಡು ಕೂತಿತ್ತು. ಕೈ ಚಾಚಿದೆ. ರೆಕ್ಕೆ ಬಿಚ್ಚಿತು. ಕಂದು ಮೇಲ್ರೆಕ್ಕೆಯ ಅಡಿಯಲ್ಲಿ ಕಿತ್ತಳೆ-ಹಳದಿ ಬಣ್ಣ, ಅದರ ನಡುವೆ ಅಲ್ಪವಿರಾಮದಂಥ ಕಪ್ಪು ಗುರುತು. ಹಾರಿ ಕಾಫಿ ಗಿಡದ ಬುಡಕ್ಕೆ ಇಳಿದಿದ್ದು ಕಂಡೆ, ಆಮೇಲೆ ಮಾಯ. ಇಂಬಳ (ಜಿಗಣೆ) ಕಾಲಿಗೆ ಹತ್ತುವವರೆಗೂ ಒಣ ಎಲೆಯ ದರಗು ಕೆದಕಿದೆ. ಕೊನೆಗೆ ಒಂದು ಒಣ ಹಲಸಿನ ಎಲೆಗೆ ಕಡ್ಡಿ ತಾಗಿತು, ಎಲೆಯೇ ಎದ್ದು ಹಾರಿತು. ನಡುನರದಂತೆ ಓರೆ ಗೆರೆ ಕೂಡ ಇತ್ತು ಅದಕ್ಕೆ!

ಬೇರೆ ಪತಂಗಗಳಲ್ಲಿ ಸಾಮಾನ್ಯವಾಗಿ ಬೆಳೆ ಹಾಳು ಮಾಡೋದು ಕಂಬಳಿಹುಳ. ಈ ಹಣ್ಣು ಚುಚ್ಚುವ ಪತಂಗದ್ದು ಉಲ್ಟಾ. ಸೊಂಡಿಲಿನ ತುದಿ ಗಟ್ಟಿ, ಮೇಲೆ ಸಣ್ಣ ಮುಳ್ಳು. ಅದು ಮಾಡಿದ ತೂತಿನಿಂದ ಬೂಷ್ಟು ಒಳಗೆ ಹೋಗಿ ಹಣ್ಣು ಕೊಳೆಯುತ್ತೆ. ಮರಿಗೆ ಕಿತ್ತಳೆ ಎಲೆ ಬೇಡ, ಅಮೃತಬಳ್ಳಿ ಜಾತಿಯ ಬಳ್ಳಿ ಬೇಕು. ಔಷಧಿ ಯಾಕೆ ಕೆಲಸ ಮಾಡಲಿಲ್ಲ ಅಂತ ಆಗ ಗೊತ್ತಾಯಿತು. 2020ರಲ್ಲಿ, ಕೊರೊನಾ ಕಷಾಯಕ್ಕೆ ಅಂತ ಬೇಲಿ ತುಂಬ ಅಮೃತಬಳ್ಳಿ ಹಬ್ಬಿಸಿದವನು ನಾನೇ. ಹೋಗಿ ನೋಡಿದರೆ ತಲೆ ಒಳಗೆ ಮಡಚಿ ಬೆನ್ನು ಎತ್ತಿದ ಕಪ್ಪು ಹುಳಗಳು, ಎರಡೂ ಪಕ್ಕದಲ್ಲಿ ಕಣ್ಣಿನಂಥ ಮಚ್ಚೆ.

ಬಳ್ಳಿ ಕಡಿಯಲು ಅಮ್ಮ ಬಿಡಲಿಲ್ಲ. ಕಡಿದರೂ ಪಕ್ಕದ ಕಾಡಿನಲ್ಲಿ ಇದ್ದೇ ಇದೆ. ಹುಳ ಆರಿಸಿ ತೆಗೆಯುತ್ತೇನೆ, ಅಷ್ಟೆ. ಬಲ್ಬಿನ ಕೆಳಗೆ ನೀರಿನ ಟಬ್ ಇಟ್ಟೆ, ಊರಿನ ಹುಳ ಎಲ್ಲ ಬಿದ್ದವು, ಈ ಪತಂಗ ಒಂದು ಬಿಟ್ಟು. ಉಪಯೋಗ ಆಗಿದ್ದು ಎರಡೇ: ಕೈಗೆಟುಕುವ ಹಣ್ಣಿಗೆ ಪೇಪರ್ ಚೀಲ ಕಟ್ಟುವುದು, ಬಿದ್ದ ಹಣ್ಣನ್ನು ಅವತ್ತೇ ಹೂಳುವುದು. ವಾಸನೆಗೇ ಬರುತ್ತವೆ ಅವು. ಎತ್ತರದ ಕೊಂಬೆಗೆ ಚೀಲ ಕಟ್ಟಲಾಗಲ್ಲ, ಅದಕ್ಕೆ ಕತ್ತಲಾದ ಮೇಲೆ ಟಾರ್ಚ್, ಬಲೆ, ಏಣಿ.

ನಿನ್ನೆ ಒಂಬತ್ತು ಸಿಕ್ಕವು. ಹತ್ತನೆಯದು ಅಂತ ಬಲೆ ಬೀಸಿ ಹಿಡಿದದ್ದು ನಿಜವಾದ ಹಲಸಿನ ಎಲೆ.