ನ್ಯೂಯಾರ್ಕಿನಲ್ಲಿ ಬಾಡಿಗೆ ಮನೆ: ಹೊಸದಾಗಿ ಬರುವ ಕುಟುಂಬಗಳಿಗೆ

ಊರಿಂದ ಹೊರಡುವ ಮುಂಚೆಯೇ ಮನೆ ಗೊತ್ತು ಮಾಡಿಕೊಡಿ ಎಂದು ತುಂಬ ಜನ ನಮ್ಮ ಸಂಘಕ್ಕೆ ಬರೆಯುತ್ತಾರೆ. ಮಕ್ಕಳನ್ನು ಕರೆದುಕೊಂಡು ಬರುವವರಿಗೆ ಆ ಆತಂಕ ಸಹಜ. ಆದರೂ ಎಲ್ಲರಿಗೂ ನಾವು ಮೊದಲು ಹೇಳುವ ಮಾತು ಇದು: ಕಣ್ಣಾರೆ ನೋಡದ ಮನೆಗೆ ಒಂದು ಡಾಲರನ್ನೂ ಕೊಡಬೇಡಿ. ಕಂಪನಿಯ ಗೆಸ್ಟ್‌ಹೌಸೋ, ತಿಂಗಳ ಲೆಕ್ಕದ ಕೋಣೆಯೋ, ನೆಂಟರ ಮನೆಯೋ, ಮೊದಲ ಮೂರು ವಾರ ಎಲ್ಲಾದರೂ ಇದ್ದು ಮನೆ ಹುಡುಕಿ.

ಈ ಮಾತನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ನಾನು ಬರುವ ಮುಂಚೆ ಬೆಂಗಳೂರಿನಲ್ಲೇ ಕೂತು ಕ್ವೀನ್ಸ್‌ನ ಒಂದು ಮನೆಗೆ 1,800 ಡಾಲರ್ ಕಳಿಸಿದ್ದೆ. ಚೆಂದದ ಫೋಟೋಗಳು, ಸುತ್ತಲಿನ ಮನೆಗಳಿಗಿಂತ ಕಡಿಮೆ ಬಾಡಿಗೆ. ಮಾಲೀಕ ಎಂದುಕೊಂಡವನು ತಾನು ಊರಲ್ಲಿಲ್ಲ, ಹಣ ಬಂದ ಕೂಡಲೇ ಕೀ ಕೊರಿಯರ್ ಮಾಡುತ್ತೇನೆ ಎಂದ. ಸೂಟ್‌ಕೇಸುಗಳ ಸಮೇತ ಆ ವಿಳಾಸಕ್ಕೆ ಹೋಗಿ ಬೆಲ್ ಒತ್ತಿದಾಗ ಬಾಗಿಲು ತೆರೆದವರು ಅಲ್ಲಿ ವರ್ಷಗಳಿಂದ ಇದ್ದ ಒಬ್ಬ ಅಜ್ಜಿ. ಆಕೆ ನನ್ನ ಮಗಳಿಗೆ ನೀರು ಕೊಟ್ಟು ಕೂರಿಸಿದರು. ಹಣ ವಾಪಸ್ ಬರಲಿಲ್ಲ. ಆಗ ನನಗೆ ಗೊತ್ತಿಲ್ಲದಿದ್ದ ಒಂದು ಸಂಗತಿ ನಿಮಗೆ ಗೊತ್ತಿರಲಿ: ನಗರದ 'ಏಕ್ರಿಸ್' ಎಂಬ ಸರ್ಕಾರಿ ದಾಖಲೆಯಲ್ಲಿ ವಿಳಾಸ ಹಾಕಿದರೆ ಆಸ್ತಿ ಯಾರ ಹೆಸರಿನಲ್ಲಿದೆ ಎಂದು ಪುಕ್ಕಟೆಯಾಗಿ ನೋಡಬಹುದು. ಕ್ವೀನ್ಸ್ ಸೇರಿ ನಗರಕ್ಕೆ ಐದು ಭಾಗಗಳಿವೆ, ಸ್ಟಾಟನ್ ಐಲೆಂಡ್ ಬಿಟ್ಟು ಉಳಿದ ನಾಲ್ಕೂ ಭಾಗಗಳ ದಾಖಲೆ ಅಲ್ಲಿದೆ.

ಇನ್ನು ಹಣದ ಲೆಕ್ಕ. ಇಲ್ಲಿನ ಬಹುಪಾಲು ಮಾಲೀಕರು ಕೇಳುವುದು, ವರ್ಷದ ಸಂಬಳ ತಿಂಗಳ ಬಾಡಿಗೆಯ ನಲವತ್ತು ಪಟ್ಟು ಇದೆಯೇ ಎಂದು. 3,000 ಡಾಲರ್ ಬಾಡಿಗೆಗೆ 1,20,000 ಡಾಲರ್ ಸಂಬಳ ಬೇಕು. ಎಚ್-4 (ಅವಲಂಬಿತರ) ವೀಸಾದಲ್ಲಿ ಬರುವ ಸಂಗಾತಿಗೆ ಸಾಮಾನ್ಯವಾಗಿ ಕೂಡಲೇ ಕೆಲಸ ಮಾಡಲು ಬರುವುದಿಲ್ಲವಾದ್ದರಿಂದ ಒಬ್ಬರ ಸಂಬಳವೇ ಲೆಕ್ಕಕ್ಕೆ ಬರುತ್ತದೆ. ಮಾಲೀಕ ಒಪ್ಪಿದ ಎಂದ ಮಾತ್ರಕ್ಕೆ ಆ ಬಾಡಿಗೆ ನಿಮ್ಮ ಕೈಗೆಟುಕುತ್ತದೆ ಎಂದು ಮಾತ್ರ ತಿಳಿಯಬೇಡಿ. 1,20,000ದಲ್ಲಿ ಕೇಂದ್ರ, ರಾಜ್ಯ, ನಗರ ಮೂರೂ ತೆರಿಗೆ, ಸೋಶಿಯಲ್ ಸೆಕ್ಯುರಿಟಿ ಎಂಬ ಸರ್ಕಾರಿ ಪಿಂಚಣಿಯ ಕಡಿತ, ಕುಟುಂಬದ ಆರೋಗ್ಯ ವಿಮೆ ಕಳೆದರೆ ತಿಂಗಳಿಗೆ ಕೈಗೆ ಬರುವುದು ಸುಮಾರು 7,000 ಡಾಲರ್. ಅದರಲ್ಲಿ 3,000 ಬಾಡಿಗೆಗೇ ಹೋದರೆ ಊರಿನ ಸಾಲದ ಕಂತು, ಮಗುವಿನ ಡೇಕೇರ್, ಅಪ್ಪ-ಅಮ್ಮನಿಗೆ ಕಳಿಸುವ ಹಣ ಎಲ್ಲವೂ ಉಳಿದದ್ದರಲ್ಲಿ ಆಗಬೇಕು. ಬಂದ ಹೊಸತರಲ್ಲಿ ಎಲ್ಲವನ್ನೂ ರೂಪಾಯಿಗೆ ಗುಣಿಸುತ್ತೇವೆ. ಸಂಬಳವನ್ನು ಗುಣಿಸಿದಾಗ ದೊಡ್ಡದಾಗಿ ಕಾಣುತ್ತದೆ, ಖರ್ಚೂ ಡಾಲರಿನಲ್ಲೇ ಎನ್ನುವುದು ಎರಡನೇ ತಿಂಗಳಿಗೆ ಅರಿವಾಗುತ್ತದೆ.

ಮ್ಯಾನ್‌ಹಟನ್‌ನಲ್ಲಿ ಹೊಸ ಕರಾರುಗಳ ಮಧ್ಯಮ ಬಾಡಿಗೆ (ಅರ್ಧ ಮನೆಗಳದ್ದು ಇದಕ್ಕಿಂತ ಹೆಚ್ಚು, ಅರ್ಧದ್ದು ಕಡಿಮೆ) 2022ರಲ್ಲೇ 4,000 ಡಾಲರ್ ಮುಟ್ಟಿತು. 2023ರ ನಗರ ಸಮೀಕ್ಷೆಯ ಪ್ರಕಾರ ಖಾಲಿ ಇದ್ದ ಬಾಡಿಗೆ ಮನೆಗಳು ಶೇ. 1.41 ಮಾತ್ರ, ಎಂದರೆ ನೂರಕ್ಕೆ ಎರಡೂ ಇಲ್ಲ. ಬೆಳಿಗ್ಗೆ ನೋಡಿದ ಮನೆ ಸಂಜೆಗೆ ಹೋಗಿರುತ್ತದೆ. ಅದಕ್ಕೇ ಪಾಸ್‌ಪೋರ್ಟ್, ವೀಸಾ, ಐ-94 (ದೇಶದೊಳಗೆ ಬಂದ ದಾಖಲೆ), ಸಂಬಳ ಬರೆದಿರುವ ಆಫರ್ ಲೆಟರ್, ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲವನ್ನೂ ಒಂದೇ ಪಿಡಿಎಫ್ ಮಾಡಿ ಫೋನಿನಲ್ಲಿ ಇಟ್ಟುಕೊಳ್ಳಿ. ಸೋಶಿಯಲ್ ಸೆಕ್ಯುರಿಟಿ ನಂಬರ್ ಇನ್ನೂ ಬಂದಿಲ್ಲ, ಕ್ರೆಡಿಟ್ ಇತಿಹಾಸ (ಇಲ್ಲಿ ಸಾಲ ಪಡೆದು ತೀರಿಸಿದ ದಾಖಲೆ) ಇಲ್ಲ ಎಂದು ಕುಗ್ಗಬೇಡಿ, ನಾವೆಲ್ಲ ಹಾಗೇ ಬಂದವರು. ಜಾಮೀನು ಕೇಳಿದರೆ, ಜಾಮೀನು ನಿಲ್ಲುವವರ ವರ್ಷದ ಸಂಬಳ ತಿಂಗಳ ಬಾಡಿಗೆಯ ಎಂಬತ್ತು ಪಟ್ಟು ಇರಬೇಕು ಎನ್ನುತ್ತಾರೆ. ಅಂಥ ಬಂಧು ಎಲ್ಲರಿಗೂ ಇರುವುದಿಲ್ಲ. ಶುಲ್ಕ ಪಡೆದು ಜಾಮೀನು ನಿಲ್ಲುವ ಕಂಪನಿಗಳಿವೆ. ಹೊಸಬರಿಗೆ ಆ ಶುಲ್ಕ ಒಂದು ತಿಂಗಳ ಬಾಡಿಗೆಯ ಆಸುಪಾಸು ಬೀಳುತ್ತದೆ, ವಾಪಸ್ ಬರುವುದಿಲ್ಲ. ಅದನ್ನೂ ಬಜೆಟ್ಟಿಗೆ ಸೇರಿಸಿಕೊಳ್ಳಿ.

ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ರೂಢಿಯಾದವರು ಇಲ್ಲೂ ಆರು ತಿಂಗಳದ್ದು ಕೊಡುತ್ತೇವೆ ಎಂದು ಮುಂದಾಗುತ್ತಾರೆ. ಬೇಡ. 2019ರ ರಾಜ್ಯ ಕಾನೂನಿನ ಪ್ರಕಾರ ಮಾಲೀಕರು ಒಂದು ತಿಂಗಳ ಬಾಡಿಗೆಗಿಂತ ಹೆಚ್ಚು ಡಿಪಾಸಿಟ್ ಕೇಳುವಂತಿಲ್ಲ. ಅರ್ಜಿ, ಕ್ರೆಡಿಟ್ ತಪಾಸಣೆ ಎಂದು ಸಾಮಾನ್ಯವಾಗಿ 20 ಡಾಲರ್ ಮೀರಿ ತೆಗೆದುಕೊಳ್ಳುವಂತಿಲ್ಲ. ಮನೆ ಬಿಟ್ಟ 14 ದಿನದೊಳಗೆ, ಹಿಡಿದುಕೊಂಡ ಪ್ರತಿ ಡಾಲರಿಗೂ ಲೆಕ್ಕ ಕೊಟ್ಟು ಡಿಪಾಸಿಟ್ ಹಿಂದಿರುಗಿಸಬೇಕು. ಸುಣ್ಣ-ಬಣ್ಣಕ್ಕೆ ಎಂದು ಒಂದು ತಿಂಗಳದ್ದು ಮುರಿದುಕೊಳ್ಳುವ ನಮ್ಮೂರ ಪದ್ಧತಿ ಇಲ್ಲಿ ನಡೆಯುವುದಿಲ್ಲ. ಅಂದ ಹಾಗೆ, ಇಲ್ಲಿ ಲೀಸ್ ಎಂದರೆ ಬಾಡಿಗೆ ಕರಾರು ಅಷ್ಟೇ. ಇಡಿಗಂಟು ಕೊಟ್ಟು ಬಾಡಿಗೆಯಿಲ್ಲದೆ ಇರುವ ನಮ್ಮ ಕಡೆಯ ಲೀಸಿಗೂ ಇದಕ್ಕೂ ಸಂಬಂಧವಿಲ್ಲ.

ಬ್ರೋಕರ್ ಕಮಿಷನ್ನಿನ ವಿಷಯದಲ್ಲಿ ಈಗ ಬರುವವರು ಅದೃಷ್ಟವಂತರು. ಮೊದಲೆಲ್ಲ ವರ್ಷದ ಬಾಡಿಗೆಯ ಶೇ. 12ರಿಂದ 15ರವರೆಗೆ ಬಾಡಿಗೆದಾರರೇ ತೆರಬೇಕಿತ್ತು. 2025ರ ಜೂನ್ 11ರಿಂದ, ಬ್ರೋಕರನ್ನು ನೇಮಿಸಿದವರೇ ಕಮಿಷನ್ ಕೊಡಬೇಕು. ಜಾಹೀರಾತು ನೋಡಿ ಹೋದ ನಿಮ್ಮಿಂದ, ಮಾಲೀಕರ ಬ್ರೋಕರ್ ಬೇರೆ ಹೆಸರಿನಲ್ಲಿ ಶುಲ್ಕ ಕೇಳಿದರೂ ಅದು ತಪ್ಪು. ನಗರದ ಸಹಾಯವಾಣಿ 311ಕ್ಕೆ ದೂರು ಕೊಡಿ.

ಜಾಹೀರಾತಿನ ಅಂಕಿಯನ್ನು ಎರಡು ಸಲ ಓದಿ. 'ನೆಟ್ ಎಫೆಕ್ಟಿವ್' 3,025 ಎಂದಿರುತ್ತದೆ. ಕರಾರಿನಲ್ಲಿ ಮಾತ್ರ 3,300. ಹನ್ನೆರಡರಲ್ಲಿ ಒಂದು ತಿಂಗಳು ಬಾಡಿಗೆ ಬಿಟ್ಟು, ಉಳಿದ ಹನ್ನೊಂದು ತಿಂಗಳ ಹಣವನ್ನು ಹನ್ನೆರಡಕ್ಕೆ ಹಂಚಿ ತೋರಿಸಿರುತ್ತಾರೆ. ನೀವು ತಿಂಗಳು ತಿಂಗಳು ಕಟ್ಟುವುದು 3,300. ಮರುವರ್ಷ ಏರಿಕೆ ಶುರುವಾಗುವುದೂ ಅಲ್ಲಿಂದಲೇ.

ಎಲ್ಲಿ ಹುಡುಕಬೇಕು? ಕ್ವೀನ್ಸ್‌ನ ಫ್ಲಶಿಂಗ್ ನಮ್ಮವರಿಗೆ ಹತ್ತಿರದ್ದು. ಬೌನ್ ಸ್ಟ್ರೀಟಿನಲ್ಲಿ 1977ರಲ್ಲಿ ಪ್ರತಿಷ್ಠಾಪನೆಯಾದ ಗಣೇಶನ ಗುಡಿ, ಕೆಳಗಿನ ಕ್ಯಾಂಟೀನಿನಲ್ಲಿ ದೋಸೆ, ಮ್ಯಾನ್‌ಹಟನ್‌ಗೆ 7ನೇ ನಂಬರ್ ರೈಲು. ಜಾಕ್ಸನ್ ಹೈಟ್ಸ್‌ನ 74ನೇ ಬೀದಿಯಲ್ಲಿ ದಿನಸಿ, ತರಕಾರಿ ಎಲ್ಲ ಸಿಗುತ್ತದೆ, ರೈಲುಗಳೂ ಹೆಚ್ಚು. ಹಡ್ಸನ್ ನದಿ ದಾಟಿದರೆ ಪಕ್ಕದ ನ್ಯೂಜರ್ಸಿ ರಾಜ್ಯ, ಅಲ್ಲಿ ಜರ್ಸಿ ಸಿಟಿಯ ಜರ್ನಲ್ ಸ್ಕ್ವೇರ್. ಅಲ್ಲಿ ಬಾಡಿಗೆ ಅಂಥ ಅಗ್ಗವೇನಲ್ಲ, ಆದರೆ ನ್ಯೂಯಾರ್ಕ್ ನಗರದ ತೆರಿಗೆ ಇಲ್ಲ. 1,20,000 ಸಂಬಳದ ಕುಟುಂಬಕ್ಕೆ ಅದು ತಿಂಗಳಿಗೆ 300 ಡಾಲರಿನ ಆಸುಪಾಸು. ಅದೇ ರಾಜ್ಯದ ಎಡಿಸನ್, ಐಸ್ಲಿನ್ ಕಡೆ ಅದೇ ದುಡ್ಡಿಗೆ ದೊಡ್ಡ ಮನೆ ಸಿಗುತ್ತದೆ, ಆದರೆ ಕಾರು, ಅದರ ವಿಮೆ, ಮೆಟ್ರೋಪಾರ್ಕ್‌ನಿಂದ ರೈಲಿನ ಪಾಸು ಮೂರನ್ನೂ ಬಾಡಿಗೆಗೆ ಕೂಡಿಸಿ ಆಮೇಲೆ ಹೋಲಿಸಿ. ಮಕ್ಕಳಿದ್ದರೆ ವಿಳಾಸಕ್ಕೆ ಯಾವ ಸರ್ಕಾರಿ ಶಾಲೆ ಬರುತ್ತದೆ ಎಂದು ಕರಾರಿಗೆ ಮುಂಚೆಯೇ ನೋಡಿಕೊಳ್ಳಿ.

ಕ್ವೀನ್ಸ್‌ನಲ್ಲಿ ಹುಡುಕುವಾಗ ಬೇಸ್‌ಮೆಂಟ್ ಮನೆಗಳು ಕಣ್ಣಿಗೆ ಬೀಳುತ್ತವೆ. ಬಾಡಿಗೆ ನೋಡಿದರೆ ಮನಸ್ಸಾಗುತ್ತದೆ. ದಯವಿಟ್ಟು ಹೋಗಬೇಡಿ. 2021ರ ಸೆಪ್ಟೆಂಬರ್ 1ರ ರಾತ್ರಿ ಇಡಾ ಚಂಡಮಾರುತದ ಮಳೆ ಸುರಿದಾಗ ಈ ನಗರದಲ್ಲಿ ಸತ್ತ 13 ಜನರಲ್ಲಿ 11 ಮಂದಿ ಬೇಸ್‌ಮೆಂಟಿನಲ್ಲಿದ್ದವರು, ಹೆಚ್ಚಿನವರು ಕ್ವೀನ್ಸ್‌ನವರು. ಒಂದೇ ಬಾಗಿಲು, ಆಳೆತ್ತರಕ್ಕಿಂತ ಮೇಲೆ ಅಂಗೈಯಗಲದ ಕಿಟಕಿ. ನೀರು ನುಗ್ಗಿದರೆ ಹೊರಬರಲು ದಾರಿಯಿಲ್ಲ. ಇಂಥ ಮನೆಗಳಲ್ಲಿ ಬಹಳಷ್ಟಕ್ಕೆ ಪರವಾನಗಿಯೇ ಇಲ್ಲ, ನಗರಾಡಳಿತದವರು ಬಂದು ತೆರವು ಮಾಡಿಸಿದರೆ ಅಂದೇ ಬೀದಿಗೆ ಬರುತ್ತೀರಿ. ತಿಂಗಳಿಗೆ 600 ಡಾಲರ್ ಉಳಿಯುತ್ತದೆ ಎಂದು ಮಕ್ಕಳನ್ನು ಅಲ್ಲಿ ಮಲಗಿಸಬೇಡಿ. ಮೇಲಿನ ಮಹಡಿಯಲ್ಲಿ ಒಂದು ಕೋಣೆ ಕಡಿಮೆ ಇರುವ ಮನೆ ವಾಸಿ.

ಬಾಡಿಗೆ ಹಗುರವಾಗಬೇಕಾದರೆ 'ರೆಂಟ್ ಸ್ಟೆಬಿಲೈಸ್ಡ್', ಎಂದರೆ ಬಾಡಿಗೆ ಏರಿಕೆಗೆ ಮಿತಿಯಿರುವ ಮನೆ ಹುಡುಕಿ. 1974ಕ್ಕೆ ಮುಂಚೆ ಕಟ್ಟಿದ, ಆರು ಅಥವಾ ಹೆಚ್ಚು ಮನೆಗಳಿರುವ ಕಟ್ಟಡಗಳಲ್ಲಿ ಇವು ಹೆಚ್ಚು. ನಗರದಲ್ಲಿ ಸುಮಾರು ಹತ್ತು ಲಕ್ಷ ಇವೆ. ಏರಿಕೆ ಎಷ್ಟು ಎಂದು ಒಂದು ಮಂಡಳಿ ವರ್ಷವರ್ಷ ನಿಗದಿ ಮಾಡುತ್ತದೆ. 2025ರ ಅಕ್ಟೋಬರಿನಿಂದ 2026ರ ಸೆಪ್ಟೆಂಬರಿನವರೆಗೆ ಶುರುವಾಗುವ ಒಂದು ವರ್ಷದ ಕರಾರುಗಳಿಗೆ ಅದು ಶೇ. 3. ಮಾಲೀಕರು ಸಕಾರಣವಿಲ್ಲದೆ ನವೀಕರಣ ನಿರಾಕರಿಸುವಂತಿಲ್ಲ. ಮನೆಗೆ ಬಂದ ಮೇಲೆ ಅದರ ಹಳೆಯ ಬಾಡಿಗೆಗಳ ಪಟ್ಟಿಯನ್ನು ರಾಜ್ಯದ ವಸತಿ ಇಲಾಖೆಯಿಂದ ಉಚಿತವಾಗಿ ತರಿಸಿಕೊಳ್ಳಬಹುದು. ಕಡಿಮೆ ಬಾಡಿಗೆಯ ಮನೆಗಳನ್ನು ಹಂಚುವ ನಗರದ 'ಹೌಸಿಂಗ್ ಕನೆಕ್ಟ್' ಲಾಟರಿಗೂ ಹೆಸರು ಹಾಕಿಡಿ. ಪೌರತ್ವ ಬೇಕಿಲ್ಲ, ಆದರೆ ವರ್ಷಗಟ್ಟಲೆ ಕಾಯಬೇಕು.

ಚಳಿಗಾಲದಲ್ಲಿ ಬಂದವರಿಗೆ ಒಂದು ಅನುಕೂಲವಿದೆ: ಡಿಸೆಂಬರಿನಿಂದ ಫೆಬ್ರವರಿವರೆಗೆ ಬೇಡಿಕೆ ಕಡಿಮೆ, ಬಾಡಿಗೆ ಸ್ವಲ್ಪ ಇಳಿಯುತ್ತದೆ. ಮನೆ ಬೆಚ್ಚಗಿಡುವುದು ಮಾಲೀಕರ ಹೊಣೆ. ಅಕ್ಟೋಬರ್ 1ರಿಂದ ಮೇ 31ರವರೆಗೆ, ಹಗಲಲ್ಲಿ ಹೊರಗೆ 55 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ತಣ್ಣಗಿದ್ದರೆ ಒಳಗೆ 68 ಇರಲೇಬೇಕು, ಎಂದರೆ ನಮ್ಮ ಲೆಕ್ಕದಲ್ಲಿ 20 ಸೆಲ್ಸಿಯಸ್. ರಾತ್ರಿ 62. ಹೀಟರ್ ಕೆಟ್ಟಿದೆ, ನಾಳೆ ಬರುತ್ತಾರೆ ಎಂದು ವಾರಗಟ್ಟಲೆ ಕಾದವರನ್ನು ನೋಡಿದ್ದೇನೆ. ಮಕ್ಕಳಿಗೆ ಸ್ವೆಟರ್ ಮೇಲೆ ಸ್ವೆಟರ್ ಹಾಕಿ ಸುಮ್ಮನಿರಬೇಡಿ, 311ಕ್ಕೆ ಫೋನ್ ಮಾಡಿ, ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ಹತ್ತು ವರ್ಷದ ಅಥವಾ ಅದಕ್ಕಿಂತ ಚಿಕ್ಕ ಮಕ್ಕಳಿದ್ದರೆ, ಮೂರು ಅಥವಾ ಹೆಚ್ಚು ಮನೆಗಳಿರುವ ಕಟ್ಟಡದಲ್ಲಿ ಕಿಟಕಿಗಳಿಗೆ ಕಂಬಿ ಹಾಕಿಸುವುದೂ ಮಾಲೀಕರದ್ದೇ ಕೆಲಸ. ಸಾಮಾನು ಇಳಿಸುವ ಮುಂಚೆ ಕೇಳಿ ಹಾಕಿಸಿಕೊಳ್ಳಿ. ಖಾಲಿ ಮನೆಯ ಗೋಡೆ, ನೆಲ, ಒಲೆ, ಸಿಂಕಿನ ಕೆಳಗಿನ ಜಾಗ ಎಲ್ಲದರ ವಿಡಿಯೋ ಅಂದೇ ತೆಗೆದಿಡಿ.

ಸಹಿ ಹಾಕುವ ಮುನ್ನ ಕರಾರಿನ ಪ್ರತಿಯನ್ನು ಸಂಘಕ್ಕೆ ಕಳಿಸಿ. ನಾವು ವಕೀಲರಲ್ಲ, ಆದರೆ ಇಂಥ ಕರಾರುಗಳನ್ನು ತುಂಬ ಓದಿದ್ದೇವೆ, ಎರಡು ದಿನದೊಳಗೆ ಓದಿ ಹೇಳುತ್ತೇವೆ. ಮನೆ ನೋಡಲು ಒಬ್ಬರೇ ಹೋಗಲು ಅಳುಕಾದರೆ ತಿಳಿಸಿ, ಶನಿವಾರ ನಮ್ಮಲ್ಲಿ ಯಾರಾದರೊಬ್ಬರು ಜೊತೆಗೆ ಬರುತ್ತೇವೆ.